ಮಧುಮೇಹವೂ ಯಕೃತ್ತೂ: ಒಂದು ಶಸ್ತ್ರಚಿಕಿತ್ಸೆಯ ಚರಿತ್ರೆ

೧

ಒಂದು ವ್ಯಾಧಿಗೆಂದು ಮಾಡಿದ ಚಿಕಿತ್ಸೆಯಿಂದ ಮತ್ತೊಂದು ವ್ಯಾಧಿಯು ಶಮನವಾದ ನಿದರ್ಶನಗಳು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಹಲವು ದೊರೆಯುತ್ತವೆ. ಆದರೆ ಹಾಗೆ ಶಮನವಾದುದನ್ನು ಕಣ್ಣಾರೆ ಕಂಡೂ, ಅದು ಏತರಿಂದ ಆಯಿತೆಂಬುದನ್ನು ನಿರ್ಣಯಿಸಲು ಸುಮಾರು ಒಂದು ಶತಮಾನ ಹಿಡಿದ ನಿದರ್ಶನ ವಿರಳವೆಂದೇ ಹೇಳಬೇಕು. ಅತಿಸ್ಥೂಲರ ತೂಕವನ್ನು ಇಳಿಸುವುದಕ್ಕಾಗಿ ಜಠರವನ್ನು ಕಿರಿದುಮಾಡಿ, ಕರುಳಿನ ದಾರಿಯನ್ನು ತಿರುಗಿಸುವ ಶಸ್ತ್ರಚಿಕಿತ್ಸೆಯ ವಿಷಯವು ಇಂಥದು. ಇದನ್ನು ಮಾಡಿಸಿಕೊಂಡ ಮಧುಮೇಹಿಗಳಲ್ಲಿ ಅನೇಕರಿಗೆ, ಮೈತೂಕವು ಹೇಳಿಕೊಳ್ಳುವಷ್ಟು ಇಳಿಯುವುದಕ್ಕೆ ಮೊದಲೇ, ಕೆಲವೇ ದಿನಗಳೊಳಗೆ ರಕ್ತದ ಸಕ್ಕರೆಯು ತಗ್ಗಿಬಿಡುತ್ತದೆ. ತಗ್ಗಿಸಿದುದು ಶಸ್ತ್ರವೇ? ಶಸ್ತ್ರದ ಬೆನ್ನಿಗೇ ಬಂದ ಉಪವಾಸವೇ? ಅಥವಾ ದಾರಿ ಬದಲಾದ ಕರುಳಿನಿಂದ ಹೊರಡುವ ಯಾವುದಾದರೊಂದು ರಸವೇ?

ಈ ಪ್ರಶ್ನೆಯು ಕೇವಲ ಪಂಡಿತರ ಕುತೂಹಲಕ್ಕೆ ಸೇರಿದುದಲ್ಲ. ಶಸ್ತ್ರವೇ ಕಾರಣವೆಂದು ಸ್ಥಿರಪಟ್ಟರೆ, ಅದರ ವೆಚ್ಚವನ್ನು ಹೊರಲಾರದ ಮತ್ತು ಅದಕ್ಕೆ ಅರ್ಹರಲ್ಲದ ಕೋಟಿಗಟ್ಟಲೆ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲ. ಆಹಾರದ ಮಿತಿಯೇ ಕಾರಣವೆಂದಾದರೆ, ಚಿಕಿತ್ಸೆಯ ಮರ್ಮವು ಪ್ರತಿಯೊಬ್ಬನ ಊಟದ ಎಲೆಯ ಮುಂದೆಯೇ ಇದ್ದಂತಾಯಿತು. ಆದುದರಿಂದ ಪೂರ್ವಾಪರಗಳನ್ನು ಕ್ರಮವಾಗಿ ಪರಿಶೀಲಿಸುವುದು ಅವಶ್ಯವಾಗಿದೆ. ಹಾಗೆ ಪರಿಶೀಲಿಸುವಾಗ ಒಂದು ಅವಯವದ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಅದು ಯಕೃತ್ತು, ಎಂದರೆ ಪಿತ್ತಜನಕಾಂಗ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮಧುಮೇಹದ ವಿಚಾರದಲ್ಲಿ ಅಗ್ರಪೀಠವನ್ನು ಪಡೆದಿದ್ದ ಈ ಅವಯವವು ಅನಂತರ ಹಿಂದಕ್ಕೆ ಸರಿದು, ಶಸ್ತ್ರವೈದ್ಯರ ಒಂದು ಅನಿರೀಕ್ಷಿತ ಅನುಭವದ ನಿಮಿತ್ತವಾಗಿ ಪುನಃ ಮುಂದಕ್ಕೆ ಬಂದಿತು. ಈ ಹೋಗಿಬರುವಿಕೆಯ ಕಥೆಯೇ ಪ್ರಕೃತ ಲೇಖನದ ವಸ್ತು.

೨

ಮಧುಮೇಹಿಗಳಲ್ಲಿ ಎರಡು ಬಗೆಯವರುಂಟೆಂಬುದನ್ನು ನಮ್ಮ ದೇಶದ ಪ್ರಾಚೀನ ವೈದ್ಯರು ಚೆನ್ನಾಗಿ ತಿಳಿದಿದ್ದರು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹವನ್ನು ಸಹಜವೆಂದೂ ಅಪಥ್ಯನಿಮಿತ್ತವೆಂದೂ ವಿಂಗಡಿಸಿ, ಮೊದಲನೆಯ ಬಗೆಯ ರೋಗಿಯು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಹೇಳಿದೆ. ಕೃಶನನ್ನು ಅನ್ನಪಾನಗಳಿಂದ ಪೋಷಿಸಬೇಕು; ಸ್ಥೂಲನನ್ನು ಲಂಘನ ವ್ಯಾಯಾಮಾದಿಗಳಿಂದ ಕರಗಿಸಬೇಕು. ಧನವಿಲ್ಲದ ರೋಗಿಯು ಕೊಡೆ ಕೆರಗಳಿಲ್ಲದೆ, ಭಿಕ್ಷಾನ್ನವನ್ನುಂಡು, ಒಂದೊಂದು ಊರಿನಲ್ಲಿ ಒಂದೊಂದು ರಾತ್ರಿ ಮಾತ್ರ ತಂಗುತ್ತ, ಮುನಿಯಂತೆ ನೂರು ಯೋಜನ ನಡೆಯಬೇಕೆಂಬ ವಿಧಿಯೂ ಅಲ್ಲಿದೆ. ಪಥ್ಯದ ಈ ವಿವೇಕವನ್ನು ನೆನಪಿಟ್ಟುಕೊಂಡರೆ ಮುಂದೆ ಬರುವ ಕೆಲವು ಸಂಗತಿಗಳು ಸುಲಭವಾಗಿ ಮನಸ್ಸಿಗೆ ಹಿಡಿಯುವುವು. ಆದರೆ ಸಕ್ಕರೆಯು ದೇಹದೊಳಗೆ ಎಲ್ಲಿ ಹುಟ್ಟುತ್ತದೆ ಎಂಬ ಪ್ರಶ್ನೆಯನ್ನು ಪ್ರಯೋಗದಿಂದ ಬಿಡಿಸಿದುದು ಫ್ರಾನ್ಸ್ ದೇಶದಲ್ಲಿ.

೧೮೪೦ರ ಸುಮಾರಿಗೆ ಯೂರೋಪಿನ ರಸಾಯನಪಂಡಿತರಲ್ಲಿ ಪ್ರಬಲವಾಗಿದ್ದ ಅಭಿಪ್ರಾಯವು ಇದು: ಸಕ್ಕರೆಯನ್ನು ನಿರ್ಮಿಸುವ ಶಕ್ತಿ ಸಸ್ಯಗಳಿಗೆ ಮಾತ್ರ ಉಂಟು, ಪ್ರಾಣಿಗಳು ಅದನ್ನು ಆಹಾರದಿಂದ ಪಡೆದು ಉರಿಸುತ್ತವೆಯೇ ಹೊರತು ತಾವಾಗಿ ಮಾಡಲಾರವು. ಪ್ಯಾರಿಸಿನ ಕ್ಲಾಡ್ ಬರ್ನಾರ್ಡನು ಈ ಅಭಿಪ್ರಾಯವನ್ನು ನಂಬಿಯೇ ತನ್ನ ಶೋಧನೆಯನ್ನು ಮೊದಲುಮಾಡಿದನು. ತಿಂದ ಸಕ್ಕರೆಯು ದೇಹದಲ್ಲಿ ಎಲ್ಲಿ ನಾಶವಾಗುತ್ತದೆಂದು ಹುಡುಕುತ್ತ ಹೊರಟವನಿಗೆ ೧೮೪೮ರಲ್ಲಿ ವಿಪರೀತವಾದ ಸಂಗತಿಯೊಂದು ಕಂಡಿತು. ಮಾಂಸವನ್ನು ಮಾತ್ರ ತಿನ್ನಿಸಿದ ನಾಯಿಯ ಯಕೃತ್ತಿನಿಂದ ಹೊರಬರುವ ರಕ್ತದಲ್ಲಿಯೂ ಹೇರಳವಾಗಿ ಸಕ್ಕರೆಯಿದ್ದಿತು. ಕರುಳಿನಲ್ಲಿ ಸಕ್ಕರೆಯಿಲ್ಲ, ಯಕೃತ್ತನ್ನು ದಾಟಿದ ಮೇಲೆ ಇದೆ. ಹಾಗಾದರೆ ಅದು ಯಕೃತ್ತಿನಲ್ಲಿಯೇ ಹುಟ್ಟಿರಬೇಕಲ್ಲದೆ ಬೇರೆ ಗತಿಯಿಲ್ಲ.

ಈ ನಿರ್ಣಯವನ್ನು ಎಲ್ಲರೂ ಒಪ್ಪಲಿಲ್ಲ. ೧೮೫೫ರಲ್ಲಿ ಲೂಯಿ ಫಿಗ್ಯೇ ಎಂಬವನು, ಯಕೃತ್ತು ಸಕ್ಕರೆಯನ್ನು ಮಾಡುವುದಿಲ್ಲವೆಂದೂ ಆಹಾರದಿಂದ ಬಂದುದನ್ನು ಕೂಡಿಟ್ಟು ಬಿಡುತ್ತದೆಂದೂ ವಾದಿಸಿದನು. ಅದೇ ವರ್ಷ ಬರ್ನಾರ್ಡನು ಮಾಡಿ ತೋರಿಸಿದ ಪ್ರಯೋಗವು ಸರಳತೆಯಿಂದಲೇ ಪ್ರಸಿದ್ಧವಾಗಿದೆ. ಆಗತಾನೆ ತೆಗೆದ ಯಕೃತ್ತಿನ ರಕ್ತನಾಳಗಳೊಳಗೆ ನಲವತ್ತು ನಿಮಿಷಗಳ ಕಾಲ ತಣ್ಣೀರನ್ನು ಹರಿಯಿಸಿ, ಸಕ್ಕರೆಯ ಸುಳಿವೂ ಉಳಿಯದಂತೆ ತೊಳೆದನು. ಮರುದಿನ ನೋಡಿದರೆ ಅದೇ ಯಕೃತ್ತಿನಲ್ಲಿ ಸಕ್ಕರೆಯು ಮತ್ತೆ ತುಂಬಿತ್ತು. ತೊಳೆಯುವ ನೀರಿಗೆ ಸಿಕ್ಕದೆ ಒಳಗೆ ನಿಂತ ಯಾವುದೋ ಮೂಲವಸ್ತುವಿನಿಂದ ಅದು ಹುಟ್ಟಿರಬೇಕು. ೧೮೫೭ರಲ್ಲಿ ಅವನು ಆ ವಸ್ತುವನ್ನು ಬೇರ್ಪಡಿಸಿ, ಗ್ಲೈಕೋಜನ್ ಎಂದು ಹೆಸರಿಟ್ಟನು. ಸಕ್ಕರೆಯನ್ನು ಹುಟ್ಟಿಸುವುದು ಎಂಬುದು ಆ ಹೆಸರಿನ ಅರ್ಥ.

ಅವನು ಕಂಡುದರ ಪ್ರಮಾಣವನ್ನು ಈಗಿನ ಲೆಕ್ಕದಲ್ಲಿ ಹೇಳುವುದಾದರೆ ಹೀಗಿದೆ. ಎಪ್ಪತ್ತು ಕಿಲೋಗ್ರಾಂ ತೂಕದ ಆರೋಗ್ಯವಂತನು ರಾತ್ರಿ ಮಲಗಿ ಬೆಳಗ್ಗೆ ಏಳುವವರೆಗೆ ಅವನ ಯಕೃತ್ತು ಗಂಟೆಗೆ ಸುಮಾರು ೮ರಿಂದ ೧೦ ಗ್ರಾಂ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಮೆದುಳು ಆ ಹೊತ್ತಿನಲ್ಲಿ ಜೀವಿಸುವುದು ಈ ದತ್ತಿಯಿಂದಲೇ. ಸ್ವಲ್ಪ ಭಾಗವು ಕೂಡಿಟ್ಟ ಗ್ಲೈಕೋಜನ್ನಿನಿಂದ ಬರುತ್ತದೆ. ಉಳಿದುದನ್ನು ಯಕೃತ್ತು ಮಾಂಸಖಂಡಗಳಿಂದಲೂ ಕೊಬ್ಬಿನಿಂದಲೂ ಬಂದ ಸಣ್ಣ ಪದಾರ್ಥಗಳಿಂದ ಹೊಸದಾಗಿ ಕಟ್ಟುತ್ತದೆ. ಉಂಡಕೂಡಲೆ ಈ ಉತ್ಪತ್ತಿಯು ತಗ್ಗಬೇಕು. ತಗ್ಗದಿದ್ದರೆ ಹೊರಗಿನ ಸಕ್ಕರೆಗೆ ಒಳಗಿನ ಸಕ್ಕರೆಯೂ ಸೇರಿ ರಕ್ತವು ಮಧುಮಯವಾಗುತ್ತದೆ. ಮಧುಮೇಹವೆಂದರೆ ಯಕೃತ್ತಿನ ಉತ್ಪತ್ತಿಯು ಮಿತಿಮೀರುವುದೇ ಎಂದು ಬರ್ನಾರ್ಡನು ಊಹಿಸಿದನು. ಆದರೆ ಆ ಉತ್ಪತ್ತಿಗೆ ಕಡಿವಾಣ ಹಾಕುವುದು ಯಾವುದು ಎಂಬುದು ಅವನಿಗೆ ಸಿಕ್ಕಲಿಲ್ಲ. ನರಗಳ ವಿಕಾರವೇ ಕಾರಣವೆಂದು ಅವನು ಭಾವಿಸಿದ್ದನು.

೩

ಕಡಿವಾಣವು ಸಿಕ್ಕಿದುದು ಬೇರೊಂದು ಕಡೆಯಲ್ಲಿ. ೧೮೮೯ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮೇರಿಂಗ್ ಮತ್ತು ಮಿಂಕೋವ್ಸ್ಕಿ ಎಂಬಿಬ್ಬರು ನಾಯಿಯ ಮೇದೋಜೀರಕಾಂಗವನ್ನು ಪೂರ್ತಿಯಾಗಿ ತೆಗೆದುಹಾಕಿದಾಗ ಅದಕ್ಕೆ ತೀವ್ರವಾದ ಮಧುಮೇಹವುಂಟಾಯಿತು. ೧೯೨೧ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇವರು ಆ ಅಂಗದಿಂದ ರಸವನ್ನು ತೆಗೆದರು. ಕಾಲಿಪ್ ಅದನ್ನು ಶುದ್ಧಿಮಾಡಿಕೊಟ್ಟ ಮೇಲೆ, ೧೯೨೨ರ ಜನವರಿ ತಿಂಗಳಲ್ಲಿ ಸಾವಿನ ಅಂಚಿನಲ್ಲಿದ್ದ ಬಾಲಕನೊಬ್ಬನು ಅದರಿಂದ ಚೇತರಿಸಿಕೊಂಡನು. ಇನ್ಸುಲಿನ್ ಎಂಬ ಆ ರಸದ ಮಹಿಮೆಯ ಮುಂದೆ ಯಕೃತ್ತಿನ ಕೀರ್ತಿಯು ಮಂಕಾಯಿತು. ಮಧುಮೇಹವೆಂದರೆ ಇನ್ಸುಲಿನ್ನಿನ ಅಭಾವವೆಂಬ ಸೂತ್ರವು ಪಾಠಪುಸ್ತಕಗಳನ್ನು ಆಳತೊಡಗಿತು. ಮೇದೋಜೀರಕಾಂಗದಿಂದ ಹೊರಟ ಇನ್ಸುಲಿನ್ ಕರುಳಿನ ರಕ್ತದೊಡನೆ ಪೋರ್ಟಲ್ ಸಿರೆಯ ಮೂಲಕ ಮೊಟ್ಟಮೊದಲು ತಲಪುವುದು ಯಕೃತ್ತನ್ನೇ ಎಂಬ ಅಂಗರಚನೆಯ ಸಂಗತಿಗೆ ಸಲ್ಲಬೇಕಾದ ಗಮನವು ಬಹುಕಾಲ ಸಲ್ಲಲಿಲ್ಲ.

ಇದರ ಜೊತೆಗೆ ಇನ್ನೊಂದು ತಿಳಿವಳಿಕೆಯೂ ಮರೆಯಾಯಿತು. ೧೮೭೦ರ ಸೆಪ್ಟೆಂಬರಿನಿಂದ ೧೮೭೧ರ ಜನವರಿಯವರೆಗೆ ಜರ್ಮನ್ ಸೈನ್ಯವು ಪ್ಯಾರಿಸನ್ನು ಮುತ್ತಿದ್ದಾಗ ನಗರದಲ್ಲಿ ಅನ್ನಕ್ಕೆ ಬರಗಾಲವಾಯಿತು. ಆ ದಿನಗಳಲ್ಲಿ ಮಧುಮೇಹಿಗಳನ್ನು ನೋಡುತ್ತಿದ್ದ ಅಪೊಲಿನೇರ್ ಬುಶಾರ್ದಾ ಎಂಬ ವೈದ್ಯನು, ತನ್ನ ರೋಗಿಗಳಲ್ಲಿ ಹಲವರ ಮೂತ್ರದಿಂದ ಸಕ್ಕರೆಯು ಮಾಯವಾದುದನ್ನು ಗಮನಿಸಿದನು. ನಗರವೆಲ್ಲ ಹಸಿವಿನಿಂದ ಬಳಲುತ್ತಿದ್ದಾಗ ಈ ರೋಗಿಗಳಿಗೆ ಮಾತ್ರ ರೋಗವು ಹಿಂಜರಿದಿತ್ತು. ಆದಷ್ಟು ಕಡಮೆ ತಿನ್ನಿರಿ ಎಂಬುದೇ ಅವನ ಉಪದೇಶವಾಯಿತು.

ಈ ಉಪದೇಶವೇಕೆ ನಿಲ್ಲಲಿಲ್ಲ? ೧೯೧೪ರಿಂದೀಚೆಗೆ ನ್ಯೂಯಾರ್ಕಿನಲ್ಲಿ ಫ್ರೆಡರಿಕ್ ಆಲೆನ್ ಎಂಬಾತನು ಇದನ್ನು ಕಠಿಣವಾದ ಕ್ರಮಕ್ಕೆ ತಂದು ಎಲ್ಲ ಮಧುಮೇಹಿಗಳಿಗೂ ವಿಧಿಸಿದನು. ಅವರಲ್ಲಿ ಇನ್ಸುಲಿನ್ನೇ ಇಲ್ಲದ, ಬಡಕಲಾದ ಎಳೆಯ ಮಕ್ಕಳೂ ಇದ್ದರು. ಉಪವಾಸವು ಆ ಮಕ್ಕಳ ಸಾವನ್ನು ಕೆಲವು ಕಾಲ ಮುಂದೂಡಿತೇ ಹೊರತು ತಪ್ಪಿಸಲಿಲ್ಲ; ಕೆಲವರು ನಿರಾಹಾರದಿಂದಲೇ ಸತ್ತರು. ಇನ್ಸುಲಿನ್ ಬಂದೊಡನೆ ಆ ಪಥ್ಯವನ್ನು ಜನರು ಒಂದು ದುಃಸ್ವಪ್ನದಂತೆ ಮರೆತರು. ಕೃಶನನ್ನು ಪೋಷಿಸು, ಸ್ಥೂಲನನ್ನು ಕರಗಿಸು ಎಂಬ ಹಳೆಯ ಭೇದವನ್ನು ಪಾಲಿಸದ ಕಾರಣ, ಒಂದು ವರ್ಗಕ್ಕೆ ಹಿತವಾದ ಚಿಕಿತ್ಸೆಯು ಮತ್ತೊಂದು ವರ್ಗದಲ್ಲಿ ಮಾಡಿದ ಕೇಡಿನಿಂದ ಎರಡೂ ಕಡೆ ನಿಂದೆಗೆ ಗುರಿಯಾಯಿತು. ೧೯೩೬ರಲ್ಲಿ ಲಂಡನ್ನಿನ ಹ್ಯಾರಲ್ಡ್ ಹಿಮ್ಸ್‌ವರ್ತ್, ಇನ್ಸುಲಿನ್ನಿಗೆ ಮಣಿಯುವ ರೋಗಿಗಳು ಮತ್ತು ಮಣಿಯದ ರೋಗಿಗಳು ಎಂಬ ಎರಡು ವರ್ಗಗಳಿರುವುದನ್ನು ಪ್ರಯೋಗದಿಂದ ತೋರಿಸಿದ ಮೇಲೆಯೇ ಆ ಭೇದಕ್ಕೆ ಆಧುನಿಕಶಾಸ್ತ್ರದಲ್ಲಿ ಆಧಾರ ದೊರೆತುದು. ಮುಂದಿನ ಚರ್ಚೆಯೆಲ್ಲ ಎರಡನೆಯ ವರ್ಗಕ್ಕೆ, ಎಂದರೆ ಇಂದು ಎರಡನೆಯ ಬಗೆಯ ಮಧುಮೇಹವೆಂದು ಕರೆಯುವ ವ್ಯಾಧಿಗೆ, ಸಂಬಂಧಿಸಿದುದು.

೪

ಇನ್ನು ಶಸ್ತ್ರದ ವಿಷಯ. ೧೮೮೧ರ ಜನವರಿ ೨೯ರಂದು ವಿಯೆನ್ನಾ ನಗರದಲ್ಲಿ ಥಿಯೊಡೋರ್ ಬಿಲ್‌ರೋಟ್ ಎಂಬ ಶಸ್ತ್ರವೈದ್ಯನು ಅರ್ಬುದರೋಗವುಳ್ಳ ಜಠರದ ಒಂದು ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಕರುಳಿಗೆ ಹೊಲಿದು, ರೋಗಿಯನ್ನು ಮೇಜಿನಿಂದ ಜೀವಸಹಿತ ಎಬ್ಬಿಸಿದನು. ಅಲ್ಲಿಂದ ಮುಂದೆ ಜಠರದ ಹುಣ್ಣುಗಳಿಗೂ ಈ ಬಗೆಯ ಶಸ್ತ್ರಗಳು ರೂಢಿಗೆ ಬಂದುವು. ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ಸೀಸರ್ ರೂ ಎಂಬವನು ಕರುಳನ್ನು ಕವಲುದಾರಿಯ ಆಕಾರದಲ್ಲಿ ಜೋಡಿಸುವ ವಿಧಾನವನ್ನು ಕಲ್ಪಿಸಿದನು. ಇಂದಿನ ಶಸ್ತ್ರಕ್ಕೆ ಅವನ ಹೆಸರೇ ಅಂಟಿಕೊಂಡಿದೆ. ಇವರಾರಿಗೂ ಮಧುಮೇಹದ ಯೋಚನೆಯಿರಲಿಲ್ಲ.

೧೯೨೫ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲೇಟನ್ ಎಂಬ ವೈದ್ಯರು, ಜಠರವನ್ನು ಕರುಳಿಗೆ ನೇರವಾಗಿ ಜೋಡಿಸಿದ ಮೇಲೆ ಸೌಮ್ಯವಾದ ಮಧುಮೇಹವುಳ್ಳ ರೋಗಿಯೊಬ್ಬನಲ್ಲಿ ಕಂಡ ಮಾರ್ಪಾಟನ್ನು ಒಂದು ಟಿಪ್ಪಣಿಯಲ್ಲಿ ವರದಿಮಾಡಿದರು. ೧೯೫೫ರಲ್ಲಿ ಅಮೆರಿಕದ ಫ್ರೀಡ್‌ಮನ್ ಮತ್ತು ಅವರ ಸಹೋದ್ಯೋಗಿಗಳು, ಜಠರದ ಬಹುಭಾಗವನ್ನು ತೆಗೆಸಿಕೊಂಡ ಮೂವರು ಮಧುಮೇಹಿಗಳಲ್ಲಿ ರೋಗವು ಬೇಗನೆ ಹಗುರವಾದುದನ್ನು ಪ್ರಕಟಿಸಿದರು. ಇನ್ಸುಲಿನ್ನಿನ ಪ್ರಭಾವವು ಉಚ್ಚಸ್ಥಿತಿಯಲ್ಲಿದ್ದ ಆ ಕಾಲದಲ್ಲಿ ಇಂಥ ವರದಿಗಳನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಶಾಸನವು ಕಲ್ಲಿನ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತೆ ನಿಂತಿದ್ದರೂ ಓದುವವರಿಲ್ಲದೆ ಉಳಿದಂತಾಯಿತು.

ಸ್ಥೌಲ್ಯಕ್ಕಾಗಿಯೇ ಶಸ್ತ್ರವನ್ನು ಹಿಡಿದುದು ೧೯೫೦ರ ಅನಂತರ. ೧೯೫೪ರಲ್ಲಿ ಮಿನೆಸೋಟದ ಕ್ರೆಮನ್, ಲಿನರ್ ಮತ್ತು ನೆಲ್ಸನ್ ಇವರು ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ತಪ್ಪಿಸುವ ಕ್ರಮವನ್ನು ವಿವರಿಸಿದರು. ತೂಕವೇನೋ ಇಳಿಯಿತು, ಆದರೆ ಈ ಬಗೆಯ ಶಸ್ತ್ರಕ್ಕೆ ಒಳಗಾದವರಲ್ಲಿ ಕೆಲವರ ಯಕೃತ್ತು ಕೆಟ್ಟು ಅವರು ಪ್ರಾಣವನ್ನೇ ಕಳೆದುಕೊಂಡರು. ಈ ಕಾರಣದಿಂದಲೂ ಇತರ ತೊಂದರೆಗಳಿಂದಲೂ ಆ ಕ್ರಮವನ್ನು ಕೈಬಿಡಬೇಕಾಯಿತು. ಆದಕಾರಣ, ತೂಕವಿಳಿಸುವ ಯಾವ ಶಸ್ತ್ರವಾದರೂ ಯಕೃತ್ತಿಗೆ ಹಿತವೆಂದು ಹೇಳುವುದು ಸರಿಯಲ್ಲ. ೧೯೬೬ರಲ್ಲಿ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಅವರು, ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡ ಹೆಂಗಸರು ಮತ್ತೆ ಮೈ ಹಿಡಿಯುವುದಿಲ್ಲವೆಂಬುದನ್ನು ಗಮನಿಸಿ, ಇಟೊ ಎಂಬವರೊಡನೆ ಜಠರದ ಬಹುಭಾಗವನ್ನು ಬಳಸಿಹೋಗುವ ಹೊಸ ಶಸ್ತ್ರವನ್ನು ಆರಂಭಿಸಿದರು. ಇದೇ ಪರಿಷ್ಕಾರ ಹೊಂದಿ, ರೂ ಎಂಬವನ ಕವಲುದಾರಿಯನ್ನು ಸೇರಿಸಿಕೊಂಡು, ಇಂದಿನ 'ಗ್ಯಾಸ್ಟ್ರಿಕ್ ಬೈಪಾಸ್' ಎನಿಸಿತು.

೧೯೯೫ರಲ್ಲಿ ಉತ್ತರ ಕೆರೊಲಿನದ ವಾಲ್ಟರ್ ಪೋರೀಸ್ ಮತ್ತು ಸಂಗಡಿಗರು ಈ ಶಸ್ತ್ರವನ್ನು ಮಾಡಿಸಿಕೊಂಡ ೬೦೮ ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ೧೪೬ ಮಂದಿ ಮಧುಮೇಹಿಗಳು. ಇವರ ಪೈಕಿ ೧೨೧ ಮಂದಿಯ, ಎಂದರೆ ನೂರಕ್ಕೆ ೮೩ರಷ್ಟು ಜನರ, ರಕ್ತದ ಸಕ್ಕರೆಯು ಸಹಜಸ್ಥಿತಿಗೆ ಬಂದು ನಿಂತಿತ್ತು. ಹೀಗಾಗುವುದೆಂದು ಯಾರು ತಾನೆ ಎಣಿಸಿದ್ದರು ಎಂಬ ಉದ್ಗಾರವನ್ನೇ ಆ ಲೇಖನದ ಶೀರ್ಷಿಕೆಯಾಗಿ ಇಟ್ಟರು. ಬುಶಾರ್ದಾನನ್ನು ಬಲ್ಲವರು ಎಣಿಸಬಹುದಾಗಿತ್ತು.

೫

ಸಕ್ಕರೆಯು ತೂಕಕ್ಕಿಂತ ಮುಂಚಿತವಾಗಿ ಇಳಿಯುತ್ತದೆಂಬುದರಿಂದ, ತೂಕದ ಇಳಿತವು ಕಾರಣವಲ್ಲ, ಕರುಳಿನ ಹೊಸ ಜೋಡಣೆಯೇ ಕಾರಣ ಎಂಬ ಪಕ್ಷವು ಹುಟ್ಟಿತು. ಇದಕ್ಕೆ ಹಿನ್ನೆಲೆಯೂ ಇತ್ತು. ಕರುಳು ರಕ್ತದ ಮೂಲಕ ದೂರದ ಅಂಗಗಳಿಗೆ ಆಜ್ಞೆಯನ್ನು ಕಳುಹಿಸಬಲ್ಲದೆಂದು ೧೯೦೨ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ತೋರಿಸಿದ್ದರು. ೧೯೬೪ರಲ್ಲಿ, ಸಕ್ಕರೆಯನ್ನು ಸಿರೆಗೆ ಕೊಡುವುದಕ್ಕಿಂತ ಬಾಯಿಂದ ಕೊಟ್ಟರೆ ಇನ್ಸುಲಿನ್ ಹೆಚ್ಚಾಗಿ ಹೊರಡುವುದೆಂದು ಸಿದ್ಧವಾಯಿತು. ಕರುಳಿನ ಕೆಳಭಾಗದಿಂದ ಹೊರಡುವ ಜಿ. ಎಲ್. ಪಿ.-೧ ಎಂಬ ಹಾರ್ಮೋನಿಗೆ ಈ ಶಕ್ತಿಯಿರುವುದು ೧೯೮೭ರಲ್ಲಿ ತಿಳಿಯಿತು. ಬೈಪಾಸ್ ಮಾಡಿಸಿಕೊಂಡವರಲ್ಲಿ ಊಟದ ತರುವಾಯ ಈ ಹಾರ್ಮೋನು ಹಲವು ಪಾಲು ಹೆಚ್ಚುತ್ತದೆ.

೨೦೦೪ರಲ್ಲಿ ಫ್ರಾನ್ಸೆಸ್ಕೊ ರೂಬಿನೊ ಮತ್ತು ಮರೆಸ್ಕೊ ಇವರು ಮಾಡಿದ ಪ್ರಯೋಗವು ಈ ಪಕ್ಷಕ್ಕೆ ಬಲವಾದ ಆಧಾರವಾಯಿತು. ಸ್ಥೂಲವಲ್ಲದ, ಆದರೆ ಹುಟ್ಟಿನಿಂದಲೇ ಮಧುಮೇಹವುಳ್ಳ ಒಂದು ಜಾತಿಯ ಇಲಿಗಳನ್ನು ಅವರು ಆರಿಸಿಕೊಂಡರು. ಜಠರವನ್ನು ಮುಟ್ಟದೆ, ಕರುಳಿನ ಮೊದಲ ಭಾಗವನ್ನು ಮಾತ್ರ ಆಹಾರದ ದಾರಿಯಿಂದ ತಪ್ಪಿಸಿದರು. ಇಲಿಗಳ ತೂಕದಲ್ಲಿ ಭೇದವಾಗಲಿಲ್ಲ. ಸಕ್ಕರೆಯನ್ನು ತಾಳುವ ಶಕ್ತಿ ಮಾತ್ರ ಹೆಚ್ಚಿತು. ೨೦೦೮ರಲ್ಲಿ ಫ್ರಾನ್ಸಿನ ಮಿತ್ಯೂ ಅವರ ಬಳಗವು, ಬೈಪಾಸಿನ ತರುವಾಯ ಇಲಿಯ ಕರುಳೇ ಸ್ವಲ್ಪ ಸಕ್ಕರೆಯನ್ನು ಕಟ್ಟಿ ಪೋರ್ಟಲ್ ಸಿರೆಗೆ ಬಿಡುತ್ತದೆಂದೂ, ಆ ಸುದ್ದಿಯನ್ನು ನರಗಳು ಮೆದುಳಿಗೆ ಮುಟ್ಟಿಸಲು ಯಕೃತ್ತು ತನ್ನ ಉತ್ಪತ್ತಿಯನ್ನು ತಗ್ಗಿಸುತ್ತದೆಂದೂ ಪ್ರತಿಪಾದಿಸಿತು. ಪಿತ್ತರಸದ ಆಮ್ಲಗಳ ಮೂಲಕವೂ ಯಕೃತ್ತಿಗೆ ಆಜ್ಞೆ ಹೋಗುವುದೆಂಬ ಮತ್ತೊಂದು ವಾದವು ೨೦೧೪ರಲ್ಲಿ ಬಲಗೊಂಡಿತು. ಇವೆಲ್ಲ ಪ್ರಾಣಿಗಳಲ್ಲಿ ನಡೆದ ಸೂಕ್ಷ್ಮವಾದ ಪ್ರಯೋಗಗಳು. ಇವುಗಳ ಮೌಲ್ಯವನ್ನು ಅಲ್ಲಗಳೆಯಲಾಗದು.

ಆದರೂ ಇಲ್ಲಿ ಒಂದು ಸಂದೇಹವು ಬಾಧಿಸುತ್ತದೆ. ಶಸ್ತ್ರವಾದ ರೋಗಿಯು ಮೊದಲ ವಾರದಲ್ಲಿ ಉಣ್ಣುವುದೆಷ್ಟು? ಕೆಲವು ಗುಟುಕು ದ್ರವಾಹಾರ ಮಾತ್ರ. ಅಷ್ಟೇ ಅಲ್ಲ, ದೊಡ್ಡದಾಗಿ ಊದಿಕೊಂಡ ಕೊಬ್ಬಿನ ಯಕೃತ್ತು ಜಠರದ ಮೇಲೆ ಅಡ್ಡವಾಗಿ ನಿಂತು ಶಸ್ತ್ರವೈದ್ಯರ ಕೈಗೆ ತೊಡಕಾಗುವುದರಿಂದ, ಅದನ್ನು ಕುಗ್ಗಿಸುವುದಕ್ಕಾಗಿ ಶಸ್ತ್ರಕ್ಕೆ ಮುಂಚೆಯೇ ಸುಮಾರು ಎರಡು ವಾರ ಮಿತಾಹಾರವನ್ನು ವಿಧಿಸುವ ಪದ್ಧತಿಯು ಅನೇಕ ಆಸ್ಪತ್ರೆಗಳಲ್ಲಿದೆ. ಶಸ್ತ್ರವೂ ಉಪವಾಸವೂ ಜೊತೆಯಾಗಿಯೇ ಬರುತ್ತಿರುವಾಗ ಫಲವನ್ನು ಒಂದಕ್ಕೇ ಆರೋಪಿಸುವುದು ಹೇಗೆ? ಯಾವಾಗಲೂ ಒಂದೇ ಕಟ್ಟಿನಲ್ಲಿ ದೊರೆಯುವ ಎರಡು ಕೃತಿಗಳು ಒಬ್ಬನವೇ ಎಂದು ಗ್ರಂಥಸಂಪಾದಕನು ಅಷ್ಟರಿಂದಲೇ ತೀರ್ಮಾನಿಸಲಾರನಷ್ಟೆ. ಅವೆರಡೂ ಬೇರೆಬೇರೆಯಾಗಿ ದೊರೆಯುವ ಪ್ರತಿಯನ್ನು ಅವನು ಹುಡುಕುತ್ತಾನೆ. ಇಲ್ಲಿಯೂ ಬೇಕಾಗಿದ್ದುದು ಅಂಥ ಪ್ರತಿಯೇ.

೬

ಅದಕ್ಕೆ ಮೊದಲು ಯಕೃತ್ತಿನ ಉತ್ಪತ್ತಿಯನ್ನು ಜೀವಂತ ಮನುಷ್ಯನಲ್ಲಿ ಅಳೆಯುವ ಉಪಾಯ ಬೇಕಾಗಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಸಿದ್ಧವಾಯಿತು. ಗುರುತುಹಾಕಿದ ಸಕ್ಕರೆಯನ್ನು ಗೊತ್ತಾದ ಪ್ರಮಾಣದಲ್ಲಿ ಸಿರೆಯೊಳಗೆ ಹರಿಯಬಿಟ್ಟು, ಅದು ರಕ್ತದಲ್ಲಿ ಎಷ್ಟು ತೆಳುವಾಯಿತೆಂದು ನೋಡಿದರೆ, ಗುರುತಿಲ್ಲದ ಸಕ್ಕರೆಯು ಎಷ್ಟು ಬಂದು ಕೂಡಿತೆಂದು ಲೆಕ್ಕಹಾಕಬಹುದು. ಬಣ್ಣದ ನೀರನ್ನು ಕಾಲುವೆಗೆ ಹೊಯ್ದು, ಬಣ್ಣವು ಎಷ್ಟು ಮಾಸಿತೆಂಬುದರಿಂದ ಕಾಲುವೆಯ ಹರಿವನ್ನು ಅಳೆಯುವಂತೆ ಇದು. ೧೯೭೯ರಲ್ಲಿ ಡಿಫ್ರೊಂಜೊ ಮತ್ತು ಸಂಗಡಿಗರು ವಿವರಿಸಿದ ಮತ್ತೊಂದು ಕ್ರಮದಂತೆ, ಇನ್ಸುಲಿನ್ನನ್ನು ಒಂದೇ ಮಟ್ಟದಲ್ಲಿ ಕೊಡುತ್ತ ರಕ್ತದ ಸಕ್ಕರೆಯು ಅಲುಗದಂತೆ ಹಿಡಿದು ನಿಲ್ಲಿಸಬಹುದು. ಎರಡನ್ನೂ ಒಟ್ಟಿಗೆ ಬಳಸಿದರೆ, ಇನ್ಸುಲಿನ್ನಿನ ಮಾತಿಗೆ ಯಕೃತ್ತು ಎಷ್ಟು ಮಣಿಯುತ್ತದೆ, ಮಾಂಸಖಂಡಗಳು ಎಷ್ಟು ಮಣಿಯುತ್ತವೆ ಎಂಬುದು ಬೇರೆಬೇರೆಯಾಗಿ ತಿಳಿಯುತ್ತದೆ. ಬರ್ನಾರ್ಡನು ನಾಯಿಯ ಸಿರೆಯಿಂದ ರಕ್ತವನ್ನು ತೆಗೆದು ನೋಡಿದುದಕ್ಕೆ ಇದು ದೂರದ ಸಂತಾನ.

ಈ ಅಳತೆಗಳಿಂದ ಹೊರಪಟ್ಟ ಮುಖ್ಯಸಂಗತಿ ಇದು. ಎರಡನೆಯ ಬಗೆಯ ಮಧುಮೇಹದಲ್ಲಿ, ಬೆಳಗ್ಗೆ ಖಾಲಿಹೊಟ್ಟೆಯಲ್ಲಿ ಕಾಣುವ ಹೆಚ್ಚಿನ ಸಕ್ಕರೆಗೆ ಬಹುಮಟ್ಟಿಗೆ ಯಕೃತ್ತಿನ ಅಂಕೆತಪ್ಪಿದ ಉತ್ಪತ್ತಿಯೇ ಹೊಣೆ. ಯಕೃತ್ತು ಅಂಕೆತಪ್ಪುವುದರಲ್ಲಿ ಅದರೊಳಗೆ ಕೂಡಿದ ಕೊಬ್ಬಿಗೆ ದೊಡ್ಡ ಪಾಲಿದೆ. ೨೦೦೫ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಪೀಟರ್ಸನ್, ಶುಲ್‌ಮನ್ ಮೊದಲಾದವರು ಎಂಟು ಮಂದಿ ಸ್ಥೂಲ ಮಧುಮೇಹಿಗಳಿಗೆ ಮಿತಾಹಾರವನ್ನು ಕೊಟ್ಟು ತಲಾ ಸುಮಾರು ೮ ಕಿಲೋಗ್ರಾಂ ತೂಕ ಇಳಿಯುವಂತೆ ಮಾಡಿದರು. ಯಕೃತ್ತಿನ ಕೊಬ್ಬು ನೂರಕ್ಕೆ ೮೦ ಪಾಲಿನಷ್ಟು ಕರಗಿತು; ಯಕೃತ್ತು ಇನ್ಸುಲಿನ್ನಿಗೆ ಮತ್ತೆ ಮಣಿಯತೊಡಗಿತು. ಶಸ್ತ್ರದ ಪ್ರಸ್ತಾಪವೇ ಇರಲಿಲ್ಲ.

ಇಂಗ್ಲೆಂಡಿನ ನ್ಯೂಕಾಸಲ್ ನಗರದ ರಾಯ್ ಟೇಲರ್ ಅವರು ಪ್ರಶ್ನೆಯನ್ನು ಇನ್ನೂ ನೇರವಾಗಿ ಎದುರಿಸಿದರು. ಶಸ್ತ್ರದ ತರುವಾಯ ರೋಗಿಯು ಉಣ್ಣುವಷ್ಟೇ ಅಲ್ಪವಾಗಿ, ಶಸ್ತ್ರವಿಲ್ಲದೆ, ಉಂಡರೆ ಏನಾಗುವುದು? ೨೦೧೧ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ೧೧ ಮಂದಿ ಮಧುಮೇಹಿಗಳು ಎಂಟು ವಾರ ದಿನಕ್ಕೆ ಸುಮಾರು ೬೦೦ ಕಿಲೋಕ್ಯಾಲೊರಿಯ ಆಹಾರದಲ್ಲಿದ್ದರು. ಒಂದೇ ವಾರದಲ್ಲಿ ಖಾಲಿಹೊಟ್ಟೆಯ ಸಕ್ಕರೆಯು ನೂರು ಮಿಲಿಲೀಟರಿಗೆ ಸುಮಾರು ೧೬೬ ಮಿಲಿಗ್ರಾಮಿನಿಂದ ೧೦೬ಕ್ಕೆ ಇಳಿಯಿತು. ಅದೇ ವಾರದಲ್ಲಿ ಯಕೃತ್ತಿನ ಕೊಬ್ಬು ನೂರಕ್ಕೆ ೩೦ ಪಾಲಿನಷ್ಟು ಕಡಮೆಯಾಗಿ, ಇನ್ಸುಲಿನ್ನಿಗೆ ಯಕೃತ್ತಿನ ವಿಧೇಯತೆಯು ಸಹಜಸ್ಥಿತಿಗೆ ಬಂದಿತು. ಮಾಂಸಖಂಡಗಳಲ್ಲಿ ಮಾತ್ರ ಅಂಥ ಮಾರ್ಪಾಟು ಆಗಿರಲಿಲ್ಲ. ಶಸ್ತ್ರದ ಮೊದಲ ವಾರದ ಪವಾಡವೆಂದು ಪ್ರಸಿದ್ಧವಾಗಿದ್ದುದು ಶಸ್ತ್ರವಿಲ್ಲದೆಯೇ ನಡೆದುಹೋಯಿತು.

ಇದರ ಪಕ್ಕದಲ್ಲಿ ೨೦೧೪ರ ಡೆನ್ಮಾರ್ಕಿನ ಪರಿಶೋಧನೆಯನ್ನು ಇಟ್ಟು ನೋಡಬೇಕು. ಬೈಪಾಸ್ ಮಾಡಿಸಿಕೊಂಡವರಲ್ಲಿ ಒಂದು ವಾರಕ್ಕೇ ಯಕೃತ್ತು ಇನ್ಸುಲಿನ್ನಿಗೆ ಮಣಿಯತೊಡಗುವುದೆಂದೂ, ಮಾಂಸಖಂಡಗಳು ಮಣಿಯುವುದು ಗಣನೀಯವಾಗಿ ತೂಕವಿಳಿದ ಮೇಲೆ ಎಂದೂ ಅಲ್ಲಿ ಕಂಡುಬಂದಿತು. ಮೊದಲು ಯಕೃತ್ತು, ಅನಂತರ ಮಾಂಸ. ಉಪವಾಸದ ಕ್ರಮವೂ ಶಸ್ತ್ರದ ಕ್ರಮವೂ ಒಂದೇ ಆಗಿರುವುದು ಗಮನಾರ್ಹವಾದ ಸಂಗತಿ. ಯಕೃತ್ತಿನೊಳಗಿನ ಕೊಬ್ಬು ದೇಹದ ಒಟ್ಟು ಕೊಬ್ಬಿನಲ್ಲಿ ತೀರ ಅಲ್ಪಭಾಗ. ಆಹಾರವು ನಿಂತೊಡನೆ ಅದು ಬೇಗನೆ ಕರಗಿಹೋಗುತ್ತದೆ. ತಕ್ಕಡಿಯ ಮುಳ್ಳು ಇನ್ನೂ ಅಲುಗುವುದಕ್ಕೆ ಮುಂಚೆಯೇ ಸಕ್ಕರೆಯು ಇಳಿಯುವುದರ ಗುಟ್ಟು ಬಹುಮಟ್ಟಿಗೆ ಇದೇ.

೭

ಎರಡು ಕೃತಿಗಳನ್ನು ಬಿಡಿಸಿ ತೋರಿಸುವ ಪ್ರತಿಯು ೨೦೨೦ರಲ್ಲಿ ದೊರೆಯಿತು. ಅಮೆರಿಕದ ಸೇಂಟ್ ಲೂಯಿಸ್ ನಗರದ ಸ್ಯಾಮ್ಯುಯಲ್ ಕ್ಲೈನ್ ಮತ್ತು ಸಂಗಡಿಗರು ೨೨ ಮಂದಿ ಸ್ಥೂಲ ಮಧುಮೇಹಿಗಳನ್ನು ಪರೀಕ್ಷಿಸಿದರು. ಹನ್ನೊಂದು ಮಂದಿ ಮಿತಾಹಾರದಿಂದಲೂ, ಹನ್ನೊಂದು ಮಂದಿ ಬೈಪಾಸಿನಿಂದಲೂ ತೂಕವನ್ನು ಇಳಿಸಿಕೊಂಡರು. ಎರಡು ಗುಂಪಿನವರೂ ತಮ್ಮ ತೂಕದಲ್ಲಿ ನೂರಕ್ಕೆ ಸುಮಾರು ೧೮ ಪಾಲನ್ನು ಕಳೆದುಕೊಂಡ ಮೇಲೆ ಪರೀಕ್ಷೆಗಳನ್ನು ಪುನಃ ಮಾಡಿದರು. ಇನ್ಸುಲಿನ್ನಿನ ಆಜ್ಞೆಗೆ ಯಕೃತ್ತು ತನ್ನ ಉತ್ಪತ್ತಿಯನ್ನು ತಗ್ಗಿಸುವ ಶಕ್ತಿಯು ಎರಡು ಗುಂಪುಗಳಲ್ಲಿಯೂ ಸರಿಸಮನಾಗಿ ಹೆಚ್ಚಿತ್ತು. ಹಾರ್ಮೋನುಗಳಲ್ಲಿಯೂ ಪಿತ್ತಾಮ್ಲಗಳಲ್ಲಿಯೂ ಭೇದಗಳಿದ್ದರೂ, ಯಕೃತ್ತಿನ ಮಟ್ಟಿಗೆ ಶಸ್ತ್ರಕ್ಕೆಂದು ಪ್ರತ್ಯೇಕವಾದ ಲಾಭವು ಕಾಣಲಿಲ್ಲ.

ಈ ಸಾಕ್ಷ್ಯಕ್ಕೂ ಮಿತಿಗಳುಂಟು. ೨೨ ಎಂಬುದು ಸಣ್ಣ ಸಂಖ್ಯೆ. ಅಲ್ಲಿ ಅಳೆದುದು ತೂಕವಿಳಿದ ಮೇಲಿನ ಸ್ಥಿತಿಯನ್ನೇ ಹೊರತು ಮೊದಲ ವಾರದ ಸ್ಥಿತಿಯನ್ನಲ್ಲ. ರೂಬಿನೊ ಅವರ ಇಲಿಗಳಲ್ಲಿ ತೂಕವಿಳಿಯದೆಯೇ ಕಂಡ ಫಲವನ್ನು ಇದು ಅಲ್ಲಗಳೆಯುವುದಿಲ್ಲ. ಊಟವಾದ ತರುವಾಯ ಸಕ್ಕರೆಯು ರಕ್ತವನ್ನು ಸೇರುವ ವೇಗ, ಜಿ. ಎಲ್. ಪಿ.-೧ರ ಉಬ್ಬರ, ಇನ್ಸುಲಿನ್ನಿನ ಶೀಘ್ರೋದ್ಗಮ ಇವುಗಳಲ್ಲಿ ಶಸ್ತ್ರದ ವೈಶಿಷ್ಟ್ಯವು ನಿಶ್ಚಯವಾಗಿಯೂ ಇದೆ. ಆದುದರಿಂದ ನ್ಯಾಯವಾದ ವಿಭಾಗವು ಹೀಗಿರಬಹುದು: ಖಾಲಿಹೊಟ್ಟೆಯ ಸಕ್ಕರೆಯನ್ನು ಆಳುವ ಯಕೃತ್ತಿನ ಸುಧಾರಣೆಯು ಮುಖ್ಯವಾಗಿ ಆಹಾರದ ಮಿತಿಗೂ ಕೊಬ್ಬಿನ ಕರಗುವಿಕೆಗೂ ಸೇರಿದುದು, ಊಟದ ಅನಂತರದ ವ್ಯಾಪಾರದಲ್ಲಿ ಕರುಳಿನ ಹೊಸ ಜೋಡಣೆಗೆ ತಕ್ಕ ಪಾಲು ಉಂಟು.

ಹಾಗಾದರೆ ಶಸ್ತ್ರವು ನಿರರ್ಥಕವೇ? ಅಲ್ಲ. ಆಲೆನ್ನನ ರೋಗಿಗಳು ಹಸಿವಿನಿಂದ ನರಳಿದರು. ಬುಶಾರ್ದಾನ ರೋಗಿಗಳನ್ನು ಶತ್ರುಸೈನ್ಯವು ಉಪವಾಸದಲ್ಲಿ ಇಟ್ಟಿತು. ಬೈಪಾಸ್ ಮಾಡಿಸಿಕೊಂಡವನಿಗೆ ಹಸಿವೇ ತಗ್ಗುತ್ತದೆ, ಅಲ್ಪಾಹಾರದಲ್ಲಿಯೇ ತೃಪ್ತಿ ಹುಟ್ಟುತ್ತದೆ. ಇದರಲ್ಲಿ ಕರುಳಿನ ಹಾರ್ಮೋನುಗಳ ಕೈವಾಡವಿದೆ. ಪಥ್ಯವನ್ನು ಶಸ್ತ್ರವು ಸಹ್ಯವ್ರತವನ್ನಾಗಿ ಮಾಡುತ್ತದೆ. ಪಥ್ಯದಿಂದಲೇ ಸಾಧಿಸಹೊರಟವರ ಅನುಭವವನ್ನು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಬ್ರಿಟನ್ನಿನಲ್ಲಿ ೩೦೬ ಮಂದಿ ಸೇರಿದ್ದ ಪರೀಕ್ಷೆಯೊಂದರಲ್ಲಿ, ಮಿತಾಹಾರದ ಕ್ರಮವನ್ನು ಹಿಡಿದ ಗುಂಪಿನಲ್ಲಿ ಒಂದು ವರ್ಷದ ಕೊನೆಗೆ ನೂರಕ್ಕೆ ೪೬ ಮಂದಿಯೂ, ಎರಡು ವರ್ಷದ ಕೊನೆಗೆ ೩೬ ಮಂದಿಯೂ ಔಷಧವಿಲ್ಲದೆ ರೋಗದಿಂದ ಬಿಡುಗಡೆಹೊಂದಿದ್ದರು. ಆದರೆ ಶಸ್ತ್ರದ ಫಲವೂ ಶಾಶ್ವತವಲ್ಲ. ಸ್ವೀಡನ್ ದೇಶದ ದೀರ್ಘಪರಿಶೋಧನೆಯ ೨೦೦೪ರ ವರದಿಯಂತೆ, ತೂಕವಿಳಿಸುವ ಶಸ್ತ್ರಗಳಾದ ಎರಡು ವರ್ಷಗಳಿಗೆ ನೂರಕ್ಕೆ ೭೨ ಮಂದಿ ಮಧುಮೇಹದಿಂದ ಮುಕ್ತರಾಗಿದ್ದರು; ಹತ್ತು ವರ್ಷಗಳ ಕೊನೆಗೆ ಹಾಗಿದ್ದವರು ೩೬ ಮಂದಿ. ಈ ಎರಡು ಪರಿಶೋಧನೆಗಳ ರೋಗಿಗಳು ಬೇರೆಬೇರೆ ಸ್ಥಿತಿಯವರಾದುದರಿಂದ ಅಂಕಿಗಳನ್ನು ಎದುರುಬದುರಾಗಿ ನಿಲ್ಲಿಸಿ ತೂಗಬಾರದು. ಎರಡರಲ್ಲಿಯೂ ಕಾಲವು ಕಳೆದಂತೆ ಲಾಭವು ಕರಗುವುದೆಂಬ ಸಂಗತಿಯಷ್ಟನ್ನು ಗ್ರಹಿಸಿದರೆ ಸಾಕು.

೮

ನಮ್ಮ ದೇಶದವರಿಗೆ ಈ ಚರಿತ್ರೆಯಲ್ಲಿ ವಿಶೇಷವಾದ ಪ್ರಯೋಜನವುಂಟು. ಯೂರೋಪಿನವರಿಗಿಂತ ಕಡಮೆ ಮೈತೂಕದಲ್ಲಿಯೇ ಭಾರತೀಯರಿಗೆ ಮಧುಮೇಹವು ಅಂಟುತ್ತದೆ. ನೋಡುವುದಕ್ಕೆ ಸ್ಥೂಲನಲ್ಲದವನ ಹೊಟ್ಟೆಯೊಳಗೂ ಯಕೃತ್ತಿನೊಳಗೂ ಕೊಬ್ಬು ಕೂಡಿರುವುದುಂಟು. ೨೦೧೬ರಲ್ಲಿ ಹಲವು ದೇಶಗಳ ೪೫ ವೈದ್ಯಸಂಘಗಳು ಅನುಮೋದಿಸಿದ ನಿರ್ಣಯದಲ್ಲಿ, ಈ ಶಸ್ತ್ರಕ್ಕೆ ಗೊತ್ತುಮಾಡಿದ ತೂಕದ ಮಿತಿಯನ್ನು ಏಷ್ಯದವರಿಗೆ ತಗ್ಗಿಸಿರುವುದು ಈ ಕಾರಣದಿಂದಲೇ. ಆದರೆ ಶಸ್ತ್ರದ ಮಿತಿಯನ್ನು ತಗ್ಗಿಸಿದ ಮಾತ್ರಕ್ಕೆ ಅದು ಎಲ್ಲರ ಕೈಗೂ ಎಟುಕುವುದಿಲ್ಲ. ಯಕೃತ್ತಿನ ಪಾಲು ಬಹುಮಟ್ಟಿಗೆ ಆಹಾರಕ್ಕೆ ಅಧೀನವೆಂಬ ತಿಳಿವಳಿಕೆಯು ಎಟುಕಬಹುದು. ಹಾಗೆಂದು ಇನ್ಸುಲಿನ್ನನ್ನೋ ಗುಳಿಗೆಯನ್ನೋ ನೆಚ್ಚಿಕೊಂಡಿರುವ ರೋಗಿಯು ವೈದ್ಯನ ಕಣ್ಗಾವಲಿಲ್ಲದೆ ಉಪವಾಸಕ್ಕೆ ತೊಡಗುವುದು ಅಪಾಯಕರ. ಆಲೆನ್ನನ ಕಾಲದ ಎಳೆಯ ರೋಗಿಗಳನ್ನು ಇಲ್ಲಿ ಮರೆಯಬಾರದು.

ಕೊನೆಯದಾಗಿ ಶಬ್ದವೊಂದರ ವಿಚಾರ. ೧೯೯೫ರ ಸುಮಾರಿನಲ್ಲಿ ಈ ಶಸ್ತ್ರದಿಂದ ಮಧುಮೇಹವು ವಾಸಿಯಾಗುತ್ತದೆ ಎಂದು ಸಂಕೋಚವಿಲ್ಲದೆ ಬರೆಯುತ್ತಿದ್ದರು. ಹತ್ತು ವರ್ಷಗಳ ಲೆಕ್ಕ ಬಂದ ಮೇಲೆ ಆ ಮಾತು ಹಿಂದೆ ಸರಿಯಿತು. ೨೦೨೧ರಲ್ಲಿ ಹಲವು ಸಂಸ್ಥೆಗಳ ತಜ್ಞರು ಕೂಡಿ, ಔಷಧವನ್ನು ನಿಲ್ಲಿಸಿ ಕಡಮೆಯೆಂದರೆ ಮೂರು ತಿಂಗಳ ತರುವಾಯವೂ ಸಕ್ಕರೆಯ ಅಳತೆಯು ಮಧುಮೇಹದ ಮಿತಿಯ ಕೆಳಗಿದ್ದರೆ, ಆ ಸ್ಥಿತಿಗೆ ಬೇರೊಂದು ಹೆಸರನ್ನು ಗೊತ್ತುಮಾಡಿದರು. ಕನ್ನಡದಲ್ಲಿ ಅದನ್ನು ಉಪಶಮನವೆನ್ನಬಹುದು. ರೋಗವು ಹೋಗಿಲ್ಲ, ಹಿಂದೆ ಸರಿದು ನಿಂತಿದೆ ಎಂಬ ಅರ್ಥವು ಈ ಮಾತಿನಲ್ಲಿ ಸರಿಯಾಗಿ ಬರುತ್ತದೆ. ವೈದ್ಯರೂ ಪತ್ರಿಕೆಗಳವರೂ 'ವಾಸಿ' ಎಂಬ ಮಾತನ್ನು ಬಿಟ್ಟು 'ಉಪಶಮನ'ವೆಂಬುದನ್ನು ಬಳಸುವುದಾದರೆ, ಯಕೃತ್ತಿಗೆ ಕೊಬ್ಬು ಮರಳಿದರೆ ರೋಗವೂ ಮರಳುವುದೆಂಬ ಎಚ್ಚರಿಕೆಯು ರೋಗಿಯ ಕಿವಿಗೆ ಆ ಶಬ್ದದೊಡನೆಯೇ ಬಿದ್ದಂತಾಗುವುದು.